ಗೌರವ ಸಂಘದ ಕಾರ್ಯದರ್ಶಿಯ ಹೊಟ್ಟೆಕಿಚ್ಚು

ಅವಳನ್ನು ಸಂಘಕ್ಕೆ ಕರೆತಂದವಳು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆಮೇಲೆ ನನಗಾದ ಸಂಕಟಕ್ಕೆ ಬೇರೆ ಯಾರನ್ನೂ ದೂರುವ ಹಾಗಿರಲಿಲ್ಲ.

ಸಂಘ ಅಂದರೆ ಕನ್ನಡ ಸಂಘ ಅಲ್ಲ. ನಾನು ಸ್ಟಾಕ್‌ಹೋಮ್‌ನಲ್ಲಿ ಓದಿದ ವಿಶ್ವವಿದ್ಯಾಲಯದಲ್ಲಿ, ಆರೋಗ್ಯ ಶಿಕ್ಷಣದ ವಿದ್ಯಾರ್ಥಿಗಳಿಗೂ ಅದೇ ಕೆಲಸದಲ್ಲಿ ಇರುವವರಿಗೂ ಸೇರಿ ಒಂದು ಗೌರವ ಸಂಘ ಇದೆ. ಅಮೆರಿಕದ ಕಾಲೇಜುಗಳಲ್ಲಿ ಇಂಥವು ಬೇಕಾದಷ್ಟು ಇವೆಯಂತೆ. ಚೆನ್ನಾಗಿ ಓದಿದವರನ್ನು, ಜನರ ನಡುವೆ ಒಳ್ಳೆಯ ಕೆಲಸ ಮಾಡಿದವರನ್ನು ಹುಡುಕಿ ಸದಸ್ಯರನ್ನಾಗಿ ಮಾಡಿಕೊಳ್ಳುತ್ತಾರೆ. ಬೇಕು ಅಂದವರಿಗೆಲ್ಲ ಸಿಗುವಂಥದ್ದಲ್ಲ. ಅಲ್ಲಿ ಕೆಲವು ವರ್ಷ ಪಾಠ ಮಾಡಿ ವಾಪಸಾದ ನಮ್ಮ ಪ್ರೊಫೆಸರ್ ಒಬ್ಬರು ಅಂಥದೊಂದು ಸಂಘದ ಶಾಖೆಯನ್ನು ಇಲ್ಲಿ ತೆರೆದರು. ಸೇರ್ಪಡೆಯ ದಿನ ಒಂದು ದೊಡ್ಡ ಮೇಣದಬತ್ತಿಯಿಂದ ಒಬ್ಬೊಬ್ಬರೂ ತಮ್ಮ ಬತ್ತಿ ಹೊತ್ತಿಸಿಕೊಳ್ಳಬೇಕು, ಕಲಿತದ್ದನ್ನು ಜನರ ಒಳ್ಳೆಯದಕ್ಕೆ ಬಳಸುತ್ತೇನೆ ಅಂತ ಪ್ರತಿಜ್ಞೆ ಮಾಡಬೇಕು. ಆಮೇಲೆ ಕೋಟಿಗೆ ಒಂದು ಪುಟ್ಟ ಬಿಲ್ಲೆ ಚುಚ್ಚುತ್ತಾರೆ.

ಸ್ವೀಡಿಷ್ ಜನಕ್ಕೆ ಇದೆಲ್ಲ ಭಾರೀ ಮುಜುಗರ. ನಾನು ಹೆಚ್ಚು, ನೀನು ಕಮ್ಮಿ ಅನ್ನುವ ಮಾತು ಬಾಯಿಬಿಟ್ಟು ಆಡುವುದು ಇಲ್ಲಿ ಒಳ್ಳೆಯ ಮನೆತನದ ಲಕ್ಷಣ ಅಲ್ಲ. ನನ್ನ ಪಕ್ಕದಲ್ಲಿ ಕೂರುತ್ತಿದ್ದ ಹುಡುಗಿಯೊಬ್ಬಳು ಆಹ್ವಾನ ಬಂದರೂ ಬೇಡ ಅಂದಳು. "ಪಾಸಾಗಿದ್ದೇನೆ, ಸಾಕಲ್ಲ?" ಅಂದಳು. ಒಪ್ಪಿಕೊಂಡವರೂ ಮೇಣದಬತ್ತಿ ಹಿಡಿದುಕೊಂಡಾಗ ಕಿವಿ ಕೆಂಪು ಮಾಡಿಕೊಂಡು ನೆಲ ನೋಡುತ್ತಿದ್ದರು. ನಾನೊಬ್ಬಳೇ ತಲೆಯೆತ್ತಿ, ರೇಷ್ಮೆ ಸೀರೆಯ ಸೆರಗು ಬತ್ತಿಗೆ ತಾಗದ ಹಾಗೆ ಎಡಗೈಯಲ್ಲಿ ಹಿಡಿದುಕೊಂಡು, ಪ್ರತಿಜ್ಞೆಯ ಒಂದೊಂದು ಪದವನ್ನೂ ಸ್ಪಷ್ಟವಾಗಿ ಹೇಳಿದೆ.

ನನಗೆ ಅದು ಬೇಕಾಗಿತ್ತು. ಧಾರವಾಡದಲ್ಲಿ ಕಾಲೇಜಿನಲ್ಲಿ ಪೋಷಣಾಶಾಸ್ತ್ರ ಪಾಠ ಮಾಡಿಕೊಂಡು ಇದ್ದವಳು ನಾನು. ಗಂಡನ ಕೆಲಸದ ಬೆನ್ನಿಗೆ ಸ್ಟಾಕ್‌ಹೋಮ್ ಪಕ್ಕದ ಸೋಲ್ನಾಕ್ಕೆ ಬಂದು, ಮಗಳನ್ನು ಡಾಗಿಸ್‌ಗೆ ಬಿಟ್ಟು ಬರುವ ತಾಯಿ ಅಷ್ಟೇ ಆಗಿಹೋಗಿದ್ದೆ. ಆ ಶಿಶುವಿಹಾರದ ಟೀಚರುಗಳು ನನ್ನ ಜೊತೆ ಕೈಸನ್ನೆ ಮಾಡಿ, ನಿಧಾನವಾಗಿ, ಕಿವುಡಿಗೆ ಹೇಳಿದ ಹಾಗೆ ಮಾತಾಡುತ್ತಿದ್ದರು. ಹಟ ಹಿಡಿದು ಸ್ವೀಡಿಷ್ ಕಲಿತೆ. ವ್ಯಾಕರಣದಲ್ಲಿ ಯಾರೂ ತಪ್ಪು ಹಿಡಿಯಬಾರದು ಅಂತ ಕಲಿತೆ. ಮತ್ತೆ ಓದಿದೆ, ಕೊಮ್ಯೂನ್‌ನಲ್ಲಿ, ಅಂದರೆ ನಮ್ಮ ನಗರಸಭೆಯಂಥ ಕಡೆ, ಆರೋಗ್ಯ ಶಿಕ್ಷಕಿಯ ಕೆಲಸ ಹಿಡಿದೆ. ಅಂಥವಳ ಹೆಸರನ್ನು ಒಂದು ಸಭೆಯಲ್ಲಿ ಕೂಗಿ ಕರೆದರು. ಅರ್ಧ ತಪ್ಪಾಗಿಯೇ ಕೂಗಿದರು. ಆದರೂ ಕೂಗಿದರು.

ಮನೆಯಲ್ಲಿ ಬಿಲ್ಲೆ ತೋರಿಸಿದಾಗ ಗಂಡ ಕೇಳಿದ್ದು ಒಂದೇ ಪ್ರಶ್ನೆ. "ಇದರಿಂದ ಪರ್ಮನೆಂಟ್ ರೆಸಿಡೆನ್ಸಿ ಲಗೂ ಸಿಗತದೇನು?"

"ಇಲ್ಲ."

"ಮತ್ತೇನು ಸಿಗತದ?"

"ಗೌರವ," ಅಂದೆ. ಅವರು ಬಹಳ ಹೊತ್ತು ನಕ್ಕರು.

ಕೆಲವು ವರ್ಷಗಳಲ್ಲಿ ನಾನು ಆ ಶಾಖೆಯ ಕಾರ್ಯದರ್ಶಿಯಾದೆ. ಬೇರೆ ಯಾರಿಗೂ ಆ ಕೆಲಸ ಬೇಡವಾಗಿತ್ತು ಅನ್ನುವುದೂ ನಿಜ. ಸಭೆ ಕರೆಯುವುದು, ಕೋಣೆ ಕಾದಿರಿಸುವುದು, ಫೀಕಾಗೆ, ಅಂದರೆ ಇಲ್ಲಿನವರ ಕಾಫಿ ವಿರಾಮಕ್ಕೆ, ಕಾಫಿ, ದಾಲ್ಚಿನ್ನಿ ಬನ್ನು ತರಿಸುವುದು ಎಲ್ಲ ನನ್ನದೇ. ಸಕ್ಕರೆ ಕಡಿಮೆ ಮಾಡಿ ಅಂತ ಊರಿಗೆಲ್ಲ ಬುದ್ಧಿ ಹೇಳುವ ನಾವು ಪ್ರತಿ ಸಭೆಯಲ್ಲೂ ತಲೆಗೊಂದು ಬನ್ನು ತಿನ್ನುತ್ತಿದ್ದೆವು. ಯಾರೂ ಆ ಮಾತು ಎತ್ತುತ್ತಿರಲಿಲ್ಲ.

ಕನ್ನಡಿಗರ ಒಂದು ಯುಗಾದಿ ಊಟದಲ್ಲಿ ಅವಳು ಸಿಕ್ಕಳು. ಕುಂದಾಪುರದ ಕಡೆಯ ಹುಡುಗಿ, ಇನ್ನೂ ಮದುವೆಯಾಗಿರಲಿಲ್ಲ, ನಾನು ಓದಿದ ಕೋರ್ಸಿಗೇ ಸೇರಿದ್ದಳು. ಬೆಂಗಳೂರಿನವರೇ ಹೆಚ್ಚಾಗಿದ್ದ ಆ ಗುಂಪಿನಲ್ಲಿ ಅವಳು ತನ್ನ ಭಾಷೆಯನ್ನು ಮಡಚಿ ಒಳಗಿಟ್ಟು, ಪುಸ್ತಕದ ಕನ್ನಡ ಮಾತಾಡುತ್ತಿದ್ದಳು. ನಾನೂ ಹಾಗೇ ಮಾಡುತ್ತೇನೆ, ಆದ್ದರಿಂದ ಗುರುತು ಸಿಕ್ಕಿತು. ಪಾತ್ರೆ ತೊಳೆಯುವಾಗ ಅವಳ ಕೈಯಿಂದ ಒಂದು ಸೌಟು ಜಾರಿ ಬಿತ್ತು. "ಎಂಥ ಸಾವು ಮಾರಾಯ್ತಿ!" ಅಂತ ಬಾಯಿಬಿಟ್ಟಳು. ಆಮೇಲೆ ನನ್ನ ಕಡೆ ನೋಡಿ ನಾಲಿಗೆ ಕಚ್ಚಿಕೊಂಡಳು. ನನಗೆ ಅವಳು ಅಲ್ಲೇ ಇಷ್ಟವಾದಳು. ನಿಜವಾಗಿಯೂ ಇಷ್ಟವಾದಳು.

ಅವಳಿಗೆ ನಾನು, ಇಲ್ಲಿನ ಗುರುತಿನ ಸಂಖ್ಯೆಯಾದ ಪರ್ಸನ್‌ನುಮ್ಮರ್ ಬರುವ ತನಕ ಬ್ಯಾಂಕಿನ ಕೆಲಸ ಹೇಗೆ ಸಾಗಿಸಬೇಕು ಅಂತ ಹೇಳಿಕೊಟ್ಟೆ. ನನ್ನ ಹಳೆಯ ದಪ್ಪ ಕೋಟು ಕೊಟ್ಟೆ. ಮಂಜುಗಡ್ಡೆಯ ಮೇಲೆ ನಡೆಯಲು ಬೂಟಿಗೆ ಕಟ್ಟುವ ಮುಳ್ಳುಪಟ್ಟಿ ಕೊಡಿಸಿದೆ. ಕೋರ್ಸಿನ ಭಾಗವಾಗಿ ಅವಳು ಎಲ್ಲಾದರೂ ಕೆಲಸ ಕಲಿಯಬೇಕಿತ್ತು. ನನ್ನ ಹೆಂಗಸರ ಗುಂಪಿಗೆ ಸೇರಿಸಿಕೊಂಡೆ. ಪ್ರೊಫೆಸರಿಗೆ ಹೇಳಿ ಅವಳನ್ನು ಗೌರವ ಸಂಘಕ್ಕೆ ಶಿಫಾರಸು ಮಾಡಿದವಳೂ ನಾನೇ. ಅವಳ ಕೋಟಿಗೆ ಬಿಲ್ಲೆ ಚುಚ್ಚಿದ್ದೂ ನನ್ನ ಕೈಯೇ. ಆ ಕೋಟು ಕೂಡ ನನ್ನದೇ.

ಹೆಂಗಸರ ಗುಂಪಿನ ಬಗ್ಗೆ ಹೇಳಬೇಕು. ಸ್ಟಾಕ್‌ಹೋಮ್‌ನ ಉತ್ತರಕ್ಕೆ ಒಂದು ಬಡಾವಣೆ. ಸೊಮಾಲಿಯಾ, ಸಿರಿಯಾ, ಶ್ರೀಲಂಕಾ ಅಂತ ಎಲ್ಲೆಲ್ಲಿಂದಲೋ ಬಂದ ಹೆಂಗಸರು. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮಂಡಿನೋವು. ವಾರಕ್ಕೊಮ್ಮೆ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಸೇರಿ ನಾನು ಊಟದ ತಟ್ಟೆಯ ಚಿತ್ರ ತೋರಿಸಿ ಪಾಠ ಹೇಳುತ್ತಿದ್ದೆ. ಆಮೇಲೆ ಎಲ್ಲರೂ ಕೆರೆಯ ಸುತ್ತ ನಡೆಯುತ್ತಿದ್ದೆವು. ಅವರನ್ನು ಕೂಡಿಸಲು ನಾನು ಮನೆಮನೆ ಬಾಗಿಲು ತಟ್ಟಿದ್ದೆ. ಅವರು ಬರುತ್ತಿದ್ದರು, ಕೇಳುತ್ತಿದ್ದರು, ಥ್ಯಾಂಕ್ಸ್ ಹೇಳಿ ಹೋಗುತ್ತಿದ್ದರು. ಅದಕ್ಕಿಂತ ಹೆಚ್ಚಿನದು ಇರುತ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ.

ಅವಳು ಬಂದ ಎರಡನೆಯದೋ ಮೂರನೆಯದೋ ವಾರ ಡಬ್ಬಿಯಲ್ಲಿ ನೀರುದೋಸೆ ಮಾಡಿಕೊಂಡು ಬಂದಳು. ಪಾಠದ ಮಧ್ಯೆಯೇ ಡಬ್ಬಿ ತೆಗೆದಳು. ಸೊಮಾಲಿಯಾದ ಅಜ್ಜಿಯೊಬ್ಬರು, ಗುಂಪಿಗೆಲ್ಲ ಹಿರಿಯರು, ಒಂದು ದೋಸೆಯನ್ನು ಎರಡು ಬೆರಳಲ್ಲಿ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಅವರ ನಾಡಿನಲ್ಲೂ ದೋಸೆಯಂಥದೇ ಒಂದು ತಿಂಡಿ ಇದೆ, ಅಂಜೇರೊ ಅಂತ.

"ನಮ್ಮ ಅಂಜೇರೊಗೆ ಟೈಫಾಯ್ಡ್ ಬಂದು ಸೊರಗಿದ ಹಾಗಿದೆ," ಅಂದರು.

ಕೋಣೆ ಬಿದ್ದು ಬಿದ್ದು ನಕ್ಕಿತು. ಅಷ್ಟು ವರ್ಷ ಆ ಹೆಂಗಸರು ನಕ್ಕಿದ್ದನ್ನು ನಾನು ಕೇಳಿರಲಿಲ್ಲ. ಅವಳು ತನ್ನ ಹರಕು ಸ್ವೀಡಿಷ್‌ನಲ್ಲಿ ಹಿಟ್ಟು ರುಬ್ಬುವ ಬಗೆ ಹೇಳಿದಳು. ಕ್ರಿಯಾಪದ ಎಲ್ಲೋ, ಕರ್ತೃ ಎಲ್ಲೋ. ಯಾರಿಗೂ ತೊಂದರೆಯಾಗಲಿಲ್ಲ. ಒಬ್ಬರ ಮಾತನ್ನು ಇನ್ನೊಬ್ಬರು ತಿದ್ದಿದರು, ಮತ್ತೊಬ್ಬರು ಇನ್ನಷ್ಟು ಕೆಡಿಸಿದರು. ಹಾಗೆ ನಗುತ್ತ ನಗುತ್ತ, ಯಾರು ದಿನಕ್ಕೆ ಎಷ್ಟು ಸಕ್ಕರೆ ಹಾಕಿ ಚಹಾ ಕುಡಿಯುತ್ತಾರೆ, ಯಾರು ಮಾತ್ರೆ ನುಂಗದೆ ಕಸದ ಬುಟ್ಟಿಗೆ ಹಾಕುತ್ತಾರೆ ಅನ್ನುವುದೆಲ್ಲ ಹೊರಬಂತು. ನಾನು ತಟ್ಟೆಯ ಚಿತ್ರ ಹಿಡಿದುಕೊಂಡು ನಿಂತೇ ಇದ್ದೆ. ಆಮೇಲೆ ಅದನ್ನು ಸುತ್ತಿಟ್ಟೆ.

ಹೊಟ್ಟೆಯಲ್ಲಿ ಏನೋ ಚುರ್ ಅಂದದ್ದು ಆವತ್ತು. ಹಸಿವು ಅಂದುಕೊಂಡೆ. ದೋಸೆ ತಿಂದೆ. ಹೋಗಲಿಲ್ಲ.

ಮುಂದಿನ ವಾರಗಳಲ್ಲಿ ಅವಳು ಪರೀಕ್ಷೆಗಾಗಿ ತಪ್ಪಿಸಿಕೊಂಡ ದಿನ ಬಾಗಿಲಲ್ಲೇ ನನ್ನನ್ನು ಕೇಳುತ್ತಿದ್ದರು, "ಇನ್ನೊಬ್ಬಳು ಬರಲಿಲ್ಲವಾ?" ನಾನು ಬಂದಿದ್ದೇನಲ್ಲ ಅಂತ ಹೇಳಬೇಕು ಅನಿಸುತ್ತಿತ್ತು. "ಮುಂದಿನ ವಾರ ಬರುತ್ತಾಳೆ" ಅನ್ನುತ್ತಿದ್ದೆ. ಹೊಸಬರು ಬರತೊಡಗಿದರು. ಕುರ್ಚಿ ಸಾಲದೆ ಪಕ್ಕದ ಕೋಣೆಯಿಂದ ತರುವ ಹಾಗಾಯಿತು. ತರುತ್ತಿದ್ದವಳು ನಾನು.

ಇಷ್ಟೇ ಆಗಿದ್ದರೆ ತಡೆದುಕೊಳ್ಳುತ್ತಿದ್ದೆನೋ ಏನೋ. ಮನೆಯೊಳಗೂ ಬಂತು. ನನ್ನ ಮಗಳು ಹೈಸ್ಕೂಲಿನ ವಯಸ್ಸಿನವಳು. ಹುಟ್ಟಿದಾಗಿನಿಂದ ನಾನು ಅವಳ ಜೊತೆ ಕನ್ನಡವನ್ನೇ ಮಾತಾಡಿದ್ದೇನೆ, ಅವಳು ನನಗೆ ಸ್ವೀಡಿಷ್‌ನಲ್ಲೇ ಉತ್ತರ ಕೊಟ್ಟಿದ್ದಾಳೆ. ಕುಂದಾಪುರದ ಹುಡುಗಿ ಭಾನುವಾರ ನಮ್ಮ ಮನೆಗೆ ಊಟಕ್ಕೆ ಬರುವುದು ರೂಢಿಯಾಯಿತು. ಇಬ್ಬರೂ ಕೋಣೆ ಸೇರಿ ಉಗುರಿಗೆ ಬಣ್ಣ ಹಚ್ಚಿಕೊಳ್ಳುತ್ತಿದ್ದರು. ಒಂದು ಸಂಜೆ ನಾನು ಹೋಮ್‌ವರ್ಕ್ ಆಯಿತಾ ಅಂತ ಕೇಳಿದರೆ ಮಗಳು ಸೋಫಾದಲ್ಲಿ ಬಿದ್ದುಕೊಂಡೇ, "ಆಯ್ತ್ ಮಾರಾಯ್ತಿ, ಎಂಥಕ್ಕೆ ಬೊಬ್ಬೆ ಹೊಡೀತೆ?" ಅಂದಳು.

ಗಂಡ ಚಪ್ಪಾಳೆ ತಟ್ಟಿದರು. "ಕೇಳಿದೇನು? ಕನ್ನಡ ಮಾತಾಡಿದಳು!"

"ಅದು ನಮ್ಮ ಕನ್ನಡ ಅಲ್ಲ," ಅಂದೆ.

"ಸ್ವೀಡಿಷಂತೂ ಅಲ್ಲಲ್ಲ."

ಅಡುಗೆಮನೆಗೆ ಹೋಗಿ ರೊಟ್ಟಿ ಬಡಿಯತೊಡಗಿದೆ. ರೊಟ್ಟಿ ಬಡಿಯುವುದರಲ್ಲಿ ಒಂದು ಅನುಕೂಲ ಇದೆ, ಎಷ್ಟು ಸಿಟ್ಟಿನಿಂದ ಬಡಿದರೂ ಯಾರಿಗೂ ಗೊತ್ತಾಗುವುದಿಲ್ಲ. ಆವತ್ತಿನ ರೊಟ್ಟಿ ಕಾಗದದಷ್ಟು ತೆಳ್ಳಗೆ ಆಗಿದ್ದವು.

ಗೌರವ ಸಂಘದಲ್ಲಿ ವರ್ಷಕ್ಕೊಮ್ಮೆ ಒಬ್ಬ ಸದಸ್ಯರ ಕೆಲಸಕ್ಕೆ ವಿಶೇಷ ಪುರಸ್ಕಾರ ಕೊಡುವ ಪದ್ಧತಿ ಉಂಟು. ಆ ವರ್ಷ ನನಗೆ ಬರುತ್ತದೆ ಅಂತ ನಾನು ಒಳಗೊಳಗೇ ತೀರ್ಮಾನ ಮಾಡಿಕೊಂಡಿದ್ದೆ. ಬಾಯಿಬಿಟ್ಟು ಹೇಳಿರಲಿಲ್ಲ, ಆದರೆ ಉಡುವ ಸೀರೆಯನ್ನು ಮನಸ್ಸಿನಲ್ಲೇ ಆರಿಸಿಟ್ಟಿದ್ದೆ. ಆಯ್ಕೆ ಮಾಡುವುದು ಪ್ರೊಫೆಸರ್ ಮತ್ತು ಇನ್ನಿಬ್ಬರು ಹಿರಿಯ ಸದಸ್ಯರು. ಒಂದು ಮಧ್ಯಾಹ್ನ ನಾನು ಕಮ್ಯೂಟರ್ ರೈಲಿನಲ್ಲಿ ನಿಂತಿದ್ದಾಗ ಪ್ರೊಫೆಸರ್ ಫೋನ್ ಮಾಡಿದರು.

"ನಿನ್ನ ಹುಡುಗಿಗೆ ಕೊಡೋಣ ಅಂತ ನಿರ್ಧಾರ ಆಯಿತು," ಅಂದರು. "ನಿನ್ನ ಹುಡುಗಿ" ಅಂತಲೇ ಅಂದರು. "ನಿನ್ನ ಹೆಸರೂ ಇತ್ತು. ಕೊನೆಯವರೆಗೂ ಇತ್ತು."

ಈ "ಹೆಸರೂ ಇತ್ತು" ಅನ್ನುವುದಕ್ಕಿಂತ ಹೆಸರೇ ಇಲ್ಲದಿರುವುದು ವಾಸಿ. ಸುರಂಗ ಬಂದು ಮಾತು ಕಡಿಯಲಿ ಅಂತ ಹಾರೈಸಿದೆ. ಆ ದಾರಿಯಲ್ಲಿ ಸುರಂಗ ಇಲ್ಲ.

"ಖುಷಿಯಾಯಿತು," ಅಂದೆ.

"ಅಭಿನಂದನೆಯ ಮಾತು ನೀನೇ ಬರೆದು ಓದಬೇಕು. ಅವಳ ಕೆಲಸವನ್ನು ನಿನ್ನಷ್ಟು ಹತ್ತಿರದಿಂದ ನೋಡಿದವರು ಇಲ್ಲ."

ಅದು ನಿಜವಾಗಿತ್ತು. ಅವಳ ಕೆಲಸವನ್ನು ನನ್ನಷ್ಟು ಹತ್ತಿರದಿಂದ, ನನ್ನಷ್ಟು ಗಮನ ಕೊಟ್ಟು ಯಾರೂ ನೋಡಿರಲಿಲ್ಲ. ಪ್ರೀತಿಸಿದವರು ಕೂಡ ಅಷ್ಟು ಗಮನ ಕೊಡುವುದಿಲ್ಲ. ಬರೆಯಲು ಕೂತರೆ ಒಂದೂ ಪದಕ್ಕೆ ತಡಕಾಡಬೇಕಾಗಲಿಲ್ಲ. ಅವಳು ಹೆಂಗಸರ ಮಾತನ್ನು ಮಧ್ಯದಲ್ಲಿ ತುಂಡರಿಸುವುದಿಲ್ಲ. ಅವಳು ಕಲಿಸುವ ಮೊದಲು ಏನಾದರೊಂದು ಕಲಿತುಕೊಳ್ಳುತ್ತಾಳೆ. ಅವಳ ಮುಂದೆ ಜನ ಸುಳ್ಳು ಹೇಳುವುದಿಲ್ಲ, ಯಾಕೆಂದರೆ ಅವಳು ಬೈಯುವುದಿಲ್ಲ. ಇದೆಲ್ಲ ನಾನು ಬರೆದೆ. ಸ್ವೀಡಿಷ್‌ನಲ್ಲಿ ನಾನು ಬರೆದ ಅತ್ಯಂತ ಚಂದದ ಬರಹ ಅದೇ ಇರಬೇಕು. ಸಮಾರಂಭದಲ್ಲಿ ಓದಿ ಮುಗಿಸಿದಾಗ ಪ್ರೊಫೆಸರ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಹೃದಯದಿಂದ ಬರೆದಿದ್ದೀ," ಅಂದರು. ಹೃದಯಕ್ಕಿಂತ ಸ್ವಲ್ಪ ಕೆಳಗಿನಿಂದ ಬರೆದಿದ್ದೆ.

ಅವಳು ಓಡಿಬಂದು ನನ್ನನ್ನು ತಬ್ಬಿಕೊಂಡಳು. "ಅಕ್ಕ, ಇದು ನಿಮ್ಮದೇ. ನೀವಿಲ್ಲದಿದ್ರೆ ನಾನ್ ಎಲ್ಲಿರ್ತಿದ್ದೆ?"

ಅವಳು ಮನಸಾರೆ ಹೇಳಿದ್ದಳು. ಅವಳು ಸ್ವಲ್ಪ ಜಂಬ ಮಾಡಿದ್ದರೆ, ನನ್ನನ್ನು ಸ್ವಲ್ಪ ಮರೆತಿದ್ದರೆ ನನಗೆ ಎಷ್ಟು ಅನುಕೂಲವಾಗುತ್ತಿತ್ತು! ಬೈದುಕೊಳ್ಳಲು ಒಂದು ಕಾರಣ ಸಿಗುತ್ತಿತ್ತು. ಕಾರಣವೇ ಇಲ್ಲದ ಹೊಟ್ಟೆಕಿಚ್ಚನ್ನು ಎಲ್ಲಿಡುವುದು? ಮನೆಗೆ ಹೋಗುವ ದಾರಿಯಲ್ಲಿ ಗಂಡ, "ಛಲೋ ಓದಿದಿ," ಅಂದರು. ಹಿಂದಿನ ಸೀಟಿನಲ್ಲಿ ಮಗಳೂ ಅವಳೂ ಪುರಸ್ಕಾರದ ಫಲಕ ಹಿಡಿದು ಸೆಲ್ಫಿ ತೆಗೆದುಕೊಳ್ಳುತ್ತಿದ್ದರು.

ಕೋರ್ಸು ಮುಗಿದ ಮೇಲೆ ಅವಳಿಗೆ ದೇಶದ ದಕ್ಷಿಣ ತುದಿಯ ಮಾಲ್ಮೋದಲ್ಲಿ ಕೆಲಸ ಸಿಕ್ಕಿತು. ಅಲ್ಲಿನ ಕೊಮ್ಯೂನ್‌ಗೆ ಸೇರಿದ ಒಂದು ಕೇಂದ್ರದಲ್ಲಿ ಆರೋಗ್ಯ ಶಿಕ್ಷಕಿ. ಸ್ಟೇಷನ್ನಿಗೆ ಬಿಡಲು ನಾವು ಮೂವರೂ ಹೋದೆವು. ಮಗಳು ಅತ್ತಳು. ನಾನೂ ಕಣ್ಣಿಗೆ ಕರವಸ್ತ್ರ ಒತ್ತಿಕೊಂಡೆ. ರೈಲು ಹೊರಟಾಗ ಮೈ ಹಗುರಾದದ್ದು ನನಗೊಬ್ಬಳಿಗೇ ಗೊತ್ತು. ವಾಪಸ್ ಬರುತ್ತ ಮೆಟ್ರೊದಲ್ಲಿ ಸೀಟು ಕೂಡ ಸಿಕ್ಕಿತು.

ಹೆಂಗಸರ ಗುಂಪು ಮತ್ತೆ ನನ್ನದಾಯಿತು. ತಟ್ಟೆಯ ಚಿತ್ರ ಮತ್ತೆ ಬಿಚ್ಚಿದೆ. ಆದರೆ ಅವಳು ಹೋದರೂ ಹೋಗಿರಲಿಲ್ಲ. "ಅವಳು ಹೀಗೆ ಹೇಳಿದ್ದಳು," "ಅವಳಿಗೆ ಫೋನ್ ಮಾಡಿದ್ದೆ," "ಅವಳ ಮದುವೆ ಗೊತ್ತಾಯಿತಂತಾ?" ಕೆರೆಯ ಸುತ್ತ ನಡೆಯುವಾಗ ಇದೇ ಮಾತು. ಒಂದು ದಿನ ಸೊಮಾಲಿಯಾದ ಅಜ್ಜಿ ಹಿಂದಿನಿಂದ ನನ್ನ ಕೋಟಿನ ತೋಳು ಹಿಡಿದೆಳೆದರು.

"ನಿಲ್ಲು. ಉಸಿರು ಬಿಡಲು ಬಿಡು."

ನಿಂತೆ. ಅವರು ಬೆಂಚಿನ ಮೇಲೆ ಕೂತು ಸುಧಾರಿಸಿಕೊಂಡರು.

"ಆ ಹುಡುಗಿಯ ಮಾತು ಬಂದಾಗಲೆಲ್ಲ ನೀನು ಜೋರಾಗಿ ನಡೆಯುತ್ತೀ," ಅಂದರು. "ನಮಗೆ ಏದುಸಿರು ಬರುತ್ತದೆ. ನಿನಗೆ ಅವಳ ಮೇಲೆ ಆವುಂಡ್‌ಶೂಕ್ ಅಲ್ಲವಾ?"

ಸ್ವೀಡಿಷ್‌ನಲ್ಲಿ ಹೊಟ್ಟೆಕಿಚ್ಚುಪಡುವವರಿಗೆ ಇರುವ ಪದ ಅದು. ಬಿಡಿಸಿ ಹೇಳಿದರೆ 'ಅಸೂಯೆಯಿಂದ ಕಾಯಿಲೆ ಬಿದ್ದವರು' ಅಂತ ಆಗುತ್ತದೆ. ನಮ್ಮಲ್ಲಿ ಅದು ಬೆಂಕಿ, ಇವರಲ್ಲಿ ರೋಗ. ಆರೋಗ್ಯ ಶಿಕ್ಷಕಿಗೆ ಒಬ್ಬ ಅಜ್ಜಿ ಕೆರೆಯ ದಂಡೆಯಲ್ಲಿ ರೋಗ ಹೆಸರಿಸಿ ಹೇಳಿದರು.

"ಇಲ್ಲ, ಇಲ್ಲ," ಅಂದೆ. "ಚಳಿ, ಅದಕ್ಕೆ ಜೋರಾಗಿ ನಡೆದೆ."

"ನಾವು ಏಳು ಜನ ಅಕ್ಕತಂಗಿಯರು," ಅಂದರು ಅಜ್ಜಿ. "ಕೊನೆಯವಳು ಎಲ್ಲರಿಗಿಂತ ಚೆಲುವೆ. ನನಗೆ ಇದೆಲ್ಲ ಹೇಳಬೇಡ." ಆಮೇಲೆ ಕೈ ಚಾಚಿದರು, ಎಬ್ಬಿಸು ಅಂತ. ಎಬ್ಬಿಸಿದೆ. ಆ ಮೇಲಿನ ದಾರಿ ಪೂರಾ ಅವರ ಕೈ ಹಿಡಿದುಕೊಂಡೇ ನಡೆದೆ, ಅವರ ವೇಗದಲ್ಲಿ.

ಚಳಿಗಾಲ ಕಳೆಯುವ ಹೊತ್ತಿಗೆ ಮಾಲ್ಮೋದಿಂದ ಅವಳ ಫೋನ್ ಬಂತು. ಯಾವಾಗಲೂ ವಿಡಿಯೊ ಕಾಲ್ ಮಾಡುವವಳು ಆವತ್ತು ಬರೀ ಧ್ವನಿ.

"ಅಕ್ಕ, ನನ್ನಿಂದ ಆಗ್ತಾ ಇಲ್ಲ," ಅಂದಳು. ಅಳುತ್ತಿದ್ದಳು.

ಅವಳಿಗೆ ಅಲ್ಲಿ ಕೊಟ್ಟಿದ್ದು ಹೃದಯಾಘಾತವಾಗಿ ಸುಧಾರಿಸಿಕೊಳ್ಳುತ್ತಿದ್ದ ವಯಸ್ಸಾದ ಗಂಡಸರ ಗುಂಪು. ಹೆಚ್ಚಿನವರು ಹೆಂಡತಿ ತೀರಿಕೊಂಡ ಒಂಟಿ ಜೀವಗಳು, ಹಡಗುಕಟ್ಟೆಯಲ್ಲೋ ಕಾರ್ಖಾನೆಯಲ್ಲೋ ದುಡಿದವರು, ದಕ್ಷಿಣದ ಆ ಗಂಟಲೊಳಗಿನ ಸ್ವೀಡಿಷ್ ಮಾತಾಡುವವರು. ಅವಳು ಡಬ್ಬಿ ಬಿಚ್ಚಿದರೆ ಥ್ಯಾಂಕ್ಸ್ ಹೇಳಿ ಮುಚ್ಚಳ ಹಾಕುತ್ತಿದ್ದರಂತೆ. ಅವಳು ತಮಾಷೆ ಮಾಡಿದರೆ ಗಡಿಯಾರ ನೋಡುತ್ತಿದ್ದರಂತೆ. ಅವಳು ಹೇಳುವುದು ಅರ್ಥವಾಗುತ್ತಿಲ್ಲ ಅಂತ ಇಬ್ಬರು ಮೇಲಿನವರಿಗೆ ಹೇಳಿಯೂ ಬಿಟ್ಟಿದ್ದರು. ಪ್ರೊಬೇಷನ್ ಇನ್ನೂ ಮುಗಿದಿರಲಿಲ್ಲ. ಕೆಲಸ ಹೋದರೆ ವರ್ಕ್ ಪರ್ಮಿಟ್ಟಿಗೂ ಕುತ್ತು.

"ಒಂದು ಸಲ ಬರ್ತೀರಾ? ಸಂಘದ ಕಡೆಯಿಂದ ಅತಿಥಿ ಅಂತ ಹೇಳ್ತೇನೆ. ಬಂದು ನೋಡಿ ಎಲ್ಲಿ ತಪ್ತಿದ್ದೇನೆ ಅಂತ ಹೇಳಿ."

ನನಗೆ ಮೊದಲು ಆದದ್ದು ಸಂತೋಷ. ಸಣ್ಣ ಸಂತೋಷವೂ ಅಲ್ಲ, ಹಬ್ಬದ ಬೆಳಗಿನ ಸಂತೋಷ. "ಖಂಡಿತ ಬರ್ತೀನಿ," ಅಂದದ್ದು ಅದೇ ಭರದಲ್ಲಿ. ಅವಳಿಗೆ ಸಹಾಯ ಮಾಡಲು ಹೋದೆ ಅಂತ ಎಲ್ಲರೂ ತಿಳಿದುಕೊಂಡರು. ಅವಳು ತಡವರಿಸುವುದನ್ನು ಕಣ್ಣಾರೆ ನೋಡಲು ಹೋದೆ. ರೈಲಿನಲ್ಲಿ ಉದ್ದಕ್ಕೂ ಕಾಡು, ಮಂಜು, ಕೆಂಪು ಮನೆಗಳು. ನಾನು ಅವಳಿಗೆ ಹೇಳಬೇಕಾದ ಬುದ್ಧಿಮಾತುಗಳನ್ನು ಜೋಡಿಸಿಕೊಳ್ಳುತ್ತ ಕೂತಿದ್ದೆ.

ಕೇಂದ್ರದ ಆ ಕೋಣೆಯಲ್ಲಿ ಗಂಡಸರು ಆಗಲೇ ಬಂದು, ಒಬ್ಬರಿಗೂ ಒಬ್ಬರಿಗೂ ನಡುವೆ ಒಂದೊಂದು ಖಾಲಿ ಕುರ್ಚಿ ಬಿಟ್ಟು ಕೂತಿದ್ದರು. ಅವಳು ಶುರುಮಾಡಿದಳು. ನೋಡಬೇಕು ಅಂತ ಬಂದದ್ದು ನೋಡಲು ಸಿಕ್ಕಿತು. ಅವಳ ನಗು ಕೋಣೆಯ ಮಧ್ಯೆ ಹೋಗಿ, ಹಿಡಿಯುವವರಿಲ್ಲದೆ ಕೆಳಗೆ ಬಿತ್ತು. ಅವಳ ಕುತ್ತಿಗೆಯ ಮೇಲೆ ಕೆಂಪು ಮಚ್ಚೆಗಳೆದ್ದವು. ಒಂದು ಪದ ಮರೆತಳು, ಇಂಗ್ಲಿಷ್‌ನಲ್ಲಿ ಹೇಳಿದಳು, ಅದನ್ನು ಮತ್ತೆ ಸ್ವೀಡಿಷ್‌ಗೆ ತರಲು ಹೋಗಿ ಸಿಕ್ಕಿಹಾಕಿಕೊಂಡಳು. ನಾನು ಅಂದುಕೊಂಡಷ್ಟು ಹೊತ್ತು ಆ ಸಂತೋಷ ಉಳಿಯಲಿಲ್ಲ. ನನ್ನನ್ನೇ ಮಗಳ ಡಾಗಿಸ್‌ನ ಬಾಗಿಲಲ್ಲಿ ನಿಲ್ಲಿಸಿ ನೋಡಿದ ಹಾಗಾಯಿತು.

ಎದ್ದು ನಿಂತೆ. "ನಾನು ಸ್ವಲ್ಪ ಮಾತಾಡಲಾ?" ಅಂತ ಅವಳನ್ನು ಕೇಳಿದೆ. ಅವಳು ತಕ್ಷಣ ಪಕ್ಕಕ್ಕೆ ಸರಿದಳು.

ನಾನು ನನಗೆ ಬರುವುದನ್ನೇ ಮಾಡಿದೆ. ಇವತ್ತು ಏನು ಹೇಳುತ್ತೇನೆ, ಎಷ್ಟು ಹೊತ್ತಿಗೆ ಮುಗಿಸುತ್ತೇನೆ ಅಂತ ಮೊದಲೇ ತಿಳಿಸಿದೆ. ಬೋರ್ಡಿನ ಮೇಲೆ ಹೃದಯದ ಚಿತ್ರ ಬರೆದು, ಮುಚ್ಚಿಹೋದ ರಕ್ತನಾಳ ತೋರಿಸಿದೆ. ಮೆಟ್ಟಿಲು ಹತ್ತುವಾಗ ಎದೆ ಬಿಗಿದರೆ ಯಾವಾಗ ನಿಲ್ಲಬೇಕು, ಯಾವಾಗ ನಿಲ್ಲಬೇಕಾಗಿಲ್ಲ ಅಂತ ಹೇಳಿದೆ. ಒಂದೂ ತಮಾಷೆ ಮಾಡಲಿಲ್ಲ. ನನ್ನ ಪುಸ್ತಕದ ಸ್ವೀಡಿಷ್, ನಮ್ಮ ಹೆಂಗಸರು ಆಕಳಿಸುತ್ತ ಕೇಳುತ್ತಿದ್ದ ಅದೇ ಸ್ವೀಡಿಷ್, ಆ ಗಂಡಸರ ಮುಂದೆ ಸಲೀಸಾಗಿ ಹರಿಯಿತು. ಒಬ್ಬ ಮುದುಕರು ಜೇಬಿನಿಂದ ಪೆನ್ನು ತೆಗೆದರು. ಇನ್ನೊಬ್ಬರು ಕುರ್ಚಿ ಮುಂದೆ ಎಳೆದುಕೊಂಡರು. ಮೂಲೆಯಲ್ಲಿ ಕೂತಿದ್ದ ಭಾರಿ ಆಳೊಬ್ಬರು, ಬಂದಾಗಿನಿಂದ ಟೋಪಿ ತೆಗೆಯದವರು, ಗಂಟಲು ಸರಿಮಾಡಿಕೊಂಡು ಕೇಳಿದರು, "ಹೆಂಡತಿ ಹೋದ ಮೇಲೆ ನನಗೆ ಅಡುಗೆ ಮಾಡಿಕೊಳ್ಳಲು ಬರುವುದಿಲ್ಲ. ಡಬ್ಬಿಯ ಸೂಪು ಕುಡಿಯುತ್ತೇನೆ. ಅದರಲ್ಲಿ ಉಪ್ಪು ಹೆಚ್ಚಾ?"

"ಹೆಚ್ಚು," ಅಂದೆ. "ಮುಂದಿನ ವಾರದಿಂದ ಇವರು ನಿಮಗೆ ಸೂಪು ಮಾಡುವುದನ್ನು ಕಲಿಸುತ್ತಾರೆ. ಅಡುಗೆಯಲ್ಲಿ ಇವರಿಗೆ ನನಗಿಂತ ಕೈ ಹೆಚ್ಚು." ಅವಳ ಕಡೆ ಕೈ ತೋರಿಸಿದೆ. ಅವರು ಅವಳನ್ನು ಮೊದಲ ಸಲ ಸರಿಯಾಗಿ ನೋಡಿದರು. ಟೋಪಿ ತೆಗೆದರು.

ಹೇಳಿದ ಹೊತ್ತಿಗೆ ಸರಿಯಾಗಿ ಮುಗಿಸಿದೆ. ಅವರೆಲ್ಲ ಸಾಲಾಗಿ ಬಂದು ನನ್ನ ಕೈ ಕುಲುಕಿದರು. "ಮತ್ತೆ ಯಾವಾಗ ಬರುತ್ತೀರಿ?" ಅಂತ ಪೆನ್ನಿನವರು ಕೇಳಿದರು. ಈ ಪ್ರಶ್ನೆಯನ್ನು ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳಲು ನಾನು ಎಷ್ಟು ಕಾದಿದ್ದೆ!

ಅವಳು ನನ್ನನ್ನು ಸ್ಟೇಷನ್ನಿಗೆ ಬಿಡಲು ಬಂದಳು. ನೆಲದಡಿಯ ಪ್ಲಾಟ್‌ಫಾರ್ಮಿನಲ್ಲಿ ಕೋಪನ್‌ಹೇಗನ್ ಕಡೆಯ ರೈಲು ಬಂದು ಜನರನ್ನು ಇಳಿಸಿ ಹೋಯಿತು. ಆ ಗದ್ದಲ ತಗ್ಗಿದ ಮೇಲೆ ಅವಳು ಹೇಳಿದಳು.

"ಅಕ್ಕ, ಒಂದ್ ಮಾತ್ ಹೇಳ್ಲಾ? ಬೇಜಾರ್ ಮಾಡ್ಕೊಳ್ಬೇಡಿ."

"ಹೇಳು."

"ಅವ್ರೆಲ್ಲ ನಿಮ್ಮ ಕೈ ಕುಲುಕುವಾಗ ನಂಗೆ ಹೊಟ್ಟೆ ಉರೀತು ಮಾರಾಯ್ರೆ. ಎಂಥ ಉರಿ ಅಂದ್ರೆ! ಇಷ್ಟ್ ತಿಂಗಳು ನಾನ್ ಒದ್ದಾಡಿದ್ದೇನೆ, ನೀವ್ ಒಂದ್ ಮಧ್ಯಾಹ್ನ ಬಂದು…" ಅನ್ನುತ್ತ ಅನ್ನುತ್ತ ಅವಳಿಗೇ ನಗು ಬಂತು. ಬಗ್ಗಿ, ಮಂಡಿಯ ಮೇಲೆ ಕೈಯಿಟ್ಟುಕೊಂಡು ನಕ್ಕಳು. "ನಿಮ್ಮನ್ನ ಕರೆದದ್ದೂ ನಾನೇ, ಹೊಟ್ಟೆ ಉರ್ಕೊಂಡದ್ದೂ ನಾನೇ. ಎಂಥ ಜನ ಅಲ್ವಾ ನಾನು?"

ಅಷ್ಟೇ. ಹೇಳಿದಳು, ನಕ್ಕಳು, ಮುಗಿಯಿತು. ಕಣ್ಣೊರೆಸಿಕೊಂಡು ನನ್ನ ಬ್ಯಾಗಿನ ಪಟ್ಟಿ ಸರಿಮಾಡಿದಳು, ದಾರಿಗೆ ಕಿತ್ತಳೆ ಇಟ್ಟಿದ್ದೇನೆ ಅಂದಳು. ಅವಳ ಮುಖದಲ್ಲಿ ಉರಿಯ ಗುರುತೇ ಉಳಿದಿರಲಿಲ್ಲ.

ನನಗೂ ಹೇಳಬಹುದಿತ್ತು. ಅದಕ್ಕಿಂತ ಒಳ್ಳೆಯ ಗಳಿಗೆ ಇನ್ನೊಂದು ಬರಲಾರದು. ನಾಲಿಗೆಯ ತುದಿಗೆ ಬಂತು ಕೂಡ: ನೀರುದೋಸೆ, ಮಗಳ ಮಾತು, ಪುರಸ್ಕಾರ, ಎಲ್ಲ. "ಹಂಗೆಲ್ಲ ಆಗ್ತದ, ಬಿಡು," ಅಂದೆ. ತಡೆಯಿಲ್ಲದೆ ನನ್ನ ಧಾರವಾಡದ ಮಾತು ಹೊರಬಂದದ್ದಷ್ಟೇ ಲಾಭ. ರೈಲು ಬಂತು, ಹತ್ತಿದೆ.

ಅವಳ ಕೆಲಸ ಉಳಿಯಿತು. ಸೂಪಿನ ತರಗತಿ ಚೆನ್ನಾಗಿ ನಡೆಯುತ್ತಿದೆ. ಟೋಪಿಯ ಮನುಷ್ಯ ಈಗ ಬೇಳೆಸಾರು ಕೂಡ ಮಾಡುತ್ತಾರಂತೆ. ಸಂಘದ ಸಭೆಗೆ ಅವಳು ಮಾಲ್ಮೋದಿಂದ ಬಂದಾಗ ನಾವಿಬ್ಬರೂ ಅಕ್ಕಪಕ್ಕ ಕೂರುತ್ತೇವೆ. ಜನ ನಮ್ಮನ್ನು ಅಕ್ಕತಂಗಿಯರೇ ಅಂತ ಕೇಳಿದ್ದೂ ಉಂಟು. ಅವಳಿಗೆ ಸಿಕ್ಕ ಗೌರವದ ಬಗ್ಗೆ ಈಗ ನನಗೆ ಅಂಥ ಸಂಕಟವಿಲ್ಲ. ಆದರೆ ಆವತ್ತು ಪ್ಲಾಟ್‌ಫಾರ್ಮಿನಲ್ಲಿ ಬಗ್ಗಿ ನಕ್ಕು, ಎದೆಯೊಳಗಿನದನ್ನು ಕಿತ್ತಳೆಯ ಸಿಪ್ಪೆಯ ಹಾಗೆ ಸುಲಭವಾಗಿ ಬಿಡಿಸಿ ಎಸೆದಳಲ್ಲ, ಅದನ್ನು ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.